ಭಂಡಾರದ ಪ್ರಭಾರ ವಹಿಸಿಕೊಳ್ಳುವಾಗ ದಾಸ್ತಾನು ಕಡಿಮೆ ಬಂದಿದೆ. ಹೊಸ ಖರೀದಿಯ ಕಡತವನ್ನು ಮುಂದಕ್ಕೆ ಕಳಿಸಬಹುದೇ?

ಕಲ್ಯಾಣವಾಸಿ (ಪ್ರಶ್ನೆ)

ಮಾನ್ಯರೇ,

ನಾನು ಮುಂಬಯಿಯಲ್ಲಿ ಮಹಾರಾಷ್ಟ್ರ ಸರ್ಕಾರದ ಅಧೀನದಲ್ಲಿರುವ ಒಂದು ಮಹಾಮಂಡಳದ (ನಿಗಮದ) ನೌಕರ. ಅದು ಕಂಪನಿ ಕಾಯ್ದೆಯಡಿ ನೋಂದಾಯಿತವಾದ ಸಂಸ್ಥೆ. ಹೆಸರು ಇಲ್ಲಿ ಬೇಡ. ಹದಿನೇಳು ವರ್ಷ ಲೆಕ್ಕಪತ್ರ ಶಾಖೆಯಲ್ಲಿದ್ದ ನನ್ನನ್ನು ಕಳೆದ ತಿಂಗಳು ಭಂಡಾರ ಶಾಖೆಗೆ ವರ್ಗ ಮಾಡಿದ್ದಾರೆ. ನನಗಿಂತ ಮೊದಲು ಇದ್ದವರು ನಿವೃತ್ತರಾಗಿ ಹೋಗುವಾಗ ಪ್ರಭಾರ ಪಟ್ಟಿಯೊಂದಕ್ಕೆ ಸಹಿ ಮಾಡಿಟ್ಟಿದ್ದರು. ಅದರ ಕೆಳಗೆ ‘ವಹಿಸಿಕೊಂಡಿದ್ದೇನೆ’ ಎಂದು ಬರೆದು ನಾನೂ ಸಹಿ ಹಾಕಿದರೆ ಮುಗಿಯಿತು ಎಂದು ಮೇಲಿನವರು ಹೇಳಿದರು.

ಲೆಕ್ಕದ ಶಾಖೆಯಿಂದ ಬಂದವನಿಗೆ ಎಣಿಸದೆ ಸಹಿ ಹಾಕಲು ಕೈ ಬರಲಿಲ್ಲ. ರಜೆಯ ಎರಡು ಶನಿವಾರ ಕಚೇರಿಗೆ ಹೋಗಿ, ಸಿಪಾಯಿಯೊಬ್ಬರನ್ನು ಜೊತೆಗೆ ಕರೆದುಕೊಂಡು, ಡೆಡ್ ಸ್ಟಾಕ್ ರಿಜಿಸ್ಟರನ್ನು (ಕುರ್ಚಿ, ಕಪಾಟಿನಂಥ ಬಾಳಿಕೆಯ ವಸ್ತುಗಳ ದಾಖಲೆ ಪುಸ್ತಕ) ಹಿಡಿದು ಕೋಣೆ ಕೋಣೆ ತಿರುಗಿದೆ. ರಿಜಿಸ್ಟರಿನಲ್ಲಿ 212 ಕುರ್ಚಿಗಳಿವೆ, ಕಣ್ಣಿಗೆ ಬಿದ್ದದ್ದು 171. ಉಕ್ಕಿನ ಕಪಾಟುಗಳು ಎಂಟು ಕಡಿಮೆ. ಬಳಕೆ ತಪ್ಪಿದ 26 ಕಂಪ್ಯೂಟರುಗಳು ಶೌಚಾಲಯದ ಪಕ್ಕದ ಕೋಣೆಯಲ್ಲಿ ಒಂದರ ಮೇಲೊಂದು ಬಿದ್ದಿವೆ. 2006ರಲ್ಲಿ ಕೊಂಡ ಜೀಪು ಅಂಗಳದ ಬಾದಾಮಿ ಮರದ ಕೆಳಗೆ ನಾಲ್ಕೂ ಚಕ್ರ ಕುಸಿದು ನಿಂತಿದೆ. ಆದರೂ ಅದರ ವಿಮೆಯ ಕಂತನ್ನು ಎರಡು ವರ್ಷದ ಹಿಂದಿನವರೆಗೂ ತಪ್ಪದೆ ಕಟ್ಟಲಾಗಿದೆ. ಕುರ್ಲಾದಲ್ಲಿ ನಮ್ಮದೊಂದು ಗೋದಾಮು ಇದೆ. 1989ರಲ್ಲಿ ಬಾಡಿಗೆಗೆ ಕೊಟ್ಟದ್ದು, ಕರಾರು 2014ರಲ್ಲಿ ಮುಗಿದಿದೆ, ಬಾಡಿಗೆ ಮಾತ್ರ ಹಳೆಯ ದರದಲ್ಲಿಯೇ ಬರುತ್ತಿದೆ.

ಇದರ ನಡುವೆ ನನ್ನ ಮೇಜಿನ ಮೇಲೆ 60 ಹೊಸ ತಿರುಗುವ ಕುರ್ಚಿಗಳ ಖರೀದಿಯ ಕಡತ ಬಂದು ಕುಳಿತಿದೆ. ಫೆಬ್ರುವರಿಯೊಳಗೆ ಆದೇಶ ಹೊರಡದಿದ್ದರೆ ಅನುದಾನ ವ್ಯಪಗತವಾಗುತ್ತದೆ (ಬಳಸದೆ ರದ್ದಾಗುತ್ತದೆ) ಎಂಬ ಅವಸರ. ಟಿಪ್ಪಣಿಯಲ್ಲಿ ಅರುವತ್ತನ್ನು ಇಪ್ಪತ್ತು ಇಪ್ಪತ್ತರಂತೆ ಮೂರು ಆದೇಶ ಮಾಡಲಾಗಿದೆ. ಕಾರಣವನ್ನು ಯಾರೂ ಬರೆದಿಲ್ಲ, ಎಲ್ಲರಿಗೂ ಗೊತ್ತು: ಒಂದೊಂದು ಆದೇಶವೂ ಖರೀದಿಯ ಮಿತಿಯೊಳಗೆ ಉಳಿಯಲಿ ಎಂದು.

ನನ್ನ ಪ್ರಶ್ನೆ ಇಷ್ಟು. ಪ್ರಭಾರ ಪಟ್ಟಿಗೆ ನಾನು ಸಹಿ ಹಾಕಿದರೆ ಆ 41 ಕುರ್ಚಿಗಳು ನನ್ನ ಕೊರಳಿಗೆ ಬೀಳುತ್ತವೆಯೇ? ಇದ್ದದ್ದರ ಲೆಕ್ಕ ಸರಿಯಾಗುವ ಮೊದಲು ಹೊಸದನ್ನು ಕೊಳ್ಳುವ ಕಡತವನ್ನು ತಡೆಯುವ ಅಧಿಕಾರ ನನ್ನಂಥವನಿಗೆ ಇದೆಯೇ? ಒಂದು ಕುರ್ಚಿ ಕೊಳ್ಳಲು ಇಷ್ಟೊಂದು ನಿಯಮಗಳಿರುವಾಗ, ಕೊಂಡ ಕುರ್ಚಿಯನ್ನು ಇಪ್ಪತ್ತು ವರ್ಷ ಯಾರೂ ಕೇಳದಿರುವುದು ಎಲ್ಲ ಕಡೆಯೂ ಹೀಗೆಯೋ, ನಮ್ಮಲ್ಲಿ ಮಾತ್ರವೋ? ಅನುಭವ ಉಳ್ಳವರು ತಿಳಿಸಬೇಕಾಗಿ ವಿನಂತಿ.

ಹಳೇ ಉಗ್ರಾಣಿಕ, ಪುಣೆ

ಕಲ್ಯಾಣದ ಮಿತ್ರರೇ, ಎಣಿಸಿದ್ದು ಒಳ್ಳೆಯದಾಯಿತು, ಆದರೆ ಒಬ್ಬರೇ ಎಣಿಸಿದ್ದು ಸಾಲದು. ನಾಳೆ ಯಾರಾದರೂ ‘ಕೊರತೆ ಇವರ ಕಾಲದ್ದೇ, ನಿವೃತ್ತರ ಮೇಲೆ ಹಾಕುತ್ತಿದ್ದಾರೆ’ ಎಂದರೆ ನಿಮ್ಮ ಪಾಲಿಗೆ ಉಳಿಯುವುದು ಸಿಪಾಯಿಯ ಮಾತು ಮಾತ್ರ. ಆದ್ದರಿಂದ ಇಂದೇ ನಿಮ್ಮ ಶಾಖಾಧಿಕಾರಿಗೆ ಒಂದು ಪುಟದ ಟಿಪ್ಪಣಿ ಕೊಟ್ಟು, ಭಂಡಾರಕ್ಕೆ ಸಂಬಂಧಪಡದ ಇಬ್ಬರನ್ನು ನೇಮಿಸಿ ಜಂಟಿ ಪರಿಶೀಲನೆ ಮಾಡಿಸಬೇಕೆಂದು ಕೇಳಿ. ವಸ್ತುವನ್ನು ಕಾಯುವವನೇ ಅದನ್ನು ಎಣಿಸಿ ಪ್ರಮಾಣಪತ್ರ ಬರೆಯಬಾರದು, ಆದರೆ ಎಣಿಸುವಾಗ ಅವನು ಎದುರಿಗೆ ಇರಬೇಕು. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳು ಹೇಳುವುದೂ ಇದನ್ನೇ. ಸ್ಥಿರ ಆಸ್ತಿಗಳನ್ನು (ಕುರ್ಚಿ, ಕಪಾಟಿನಂಥ ಬಾಳಿಕೆಯ ವಸ್ತುಗಳೂ ಇದರಲ್ಲೇ ಸೇರುತ್ತವೆ) ವರ್ಷಕ್ಕೆ ಒಮ್ಮೆಯಾದರೂ ಕಣ್ಣಾರೆ ನೋಡಿ, ಫಲಿತಾಂಶವನ್ನು ರಿಜಿಸ್ಟರಿನಲ್ಲಿ ಬರೆಯಬೇಕೆಂದು ಅದರ 213ನೇ ನಿಯಮದಲ್ಲಿದೆ. ನಿಮ್ಮ ರಿಜಿಸ್ಟರಿನಲ್ಲಿ ಅಂಥ ಕೊನೆಯ ಪ್ರಮಾಣಪತ್ರ ಯಾವ ವರ್ಷದ್ದು ಎಂದು ನೋಡಿ. ಕೊರತೆಯ ಹೊಣೆ ಎಲ್ಲಿಂದ ಶುರುವಾಗುತ್ತದೆ ಎಂಬುದು ಆ ತಾರೀಖಿನಿಂದಲೇ ಗೊತ್ತಾಗುವುದು.

ಸಹಿಯ ವಿಚಾರ. ಹಾಕಲೇಬೇಕೆಂದು ಒತ್ತಾಯ ಬಂದರೆ ಬರಿಯ ಸಹಿ ಹಾಕಬೇಡಿ. ‘ಲಗತ್ತಿಸಿದ ಎಣಿಕೆ ಪಟ್ಟಿಯಲ್ಲಿ ಕಾಣಿಸಿದ ವಸ್ತುಗಳನ್ನು ಮಾತ್ರ ವಹಿಸಿಕೊಂಡಿದ್ದೇನೆ’ ಎಂದು ಬರೆದು, ಪಟ್ಟಿಯನ್ನು ಲಗತ್ತಿಸಿ, ಜಾವಕ (ರವಾನೆ) ಸಂಖ್ಯೆ ಹಾಕಿಸಿ ಒಂದು ಪ್ರತಿ ಮನೆಯಲ್ಲಿಡಿ. ಜೊತೆಗೆ, ನಿವೃತ್ತರಾದವರಿಗೆ ಬಾಕಿ ಇಲ್ಲದ ಪ್ರಮಾಣಪತ್ರ ಹೋಗಿದೆಯೇ ಎಂದು ಆಡಳಿತ ಶಾಖೆಯಲ್ಲಿ ವಿಚಾರಿಸಿ. ಅವರ ಉಪದಾನ (ಗ್ರಾಚ್ಯುಟಿ) ಇನ್ನೂ ಬಿಡುಗಡೆ ಆಗಿರದಿದ್ದರೆ ನಿಮ್ಮ ಪತ್ರ ಅವರಿಗೆ ಕಷ್ಟ ತರುತ್ತದೆ, ಅದು ನಿಜ. ಆದ್ದರಿಂದ ಪತ್ರಕ್ಕೆ ಮೊದಲು ಅವರನ್ನೇ ಒಮ್ಮೆ ಮನೆಗೆ ಹೋಗಿ ಕಾಣಿ. ಅರ್ಧ ಕುರ್ಚಿಗಳ ವಿಳಾಸ ಅವರ ಬಾಯಲ್ಲಿಯೇ ಸಿಗುತ್ತದೆ.

ಏಕೆಂದರೆ ಸರ್ಕಾರಿ ಕುರ್ಚಿ ಕಳವಾಗುವುದು ಕಡಿಮೆ, ಅದು ವಲಸೆ ಹೋಗುವುದೇ ಹೆಚ್ಚು. ಇಪ್ಪತ್ತೊಂಬತ್ತು ವರ್ಷ ಇದನ್ನೇ ನೋಡಿದ್ದೇನೆ. ಚುನಾವಣೆಯ ತರಬೇತಿಗೆಂದು ಟೆಂಪೊ ಹತ್ತಿದವು ಹಿಂದಕ್ಕೆ ಬರುವುದಿಲ್ಲ. ಯಾವುದೋ ಸಭೆಗೆಂದು ಪಕ್ಕದ ಕಚೇರಿಯವರು ಒಯ್ದದ್ದು ಅಲ್ಲಿಯೇ ಉಳಿದು, ಮುಂದೊಂದು ದಿನ ಅವರ ಎಣಿಕೆಯಲ್ಲಿ ‘ಹೆಚ್ಚುವರಿಯಾಗಿ ಕಂಡುಬಂದದ್ದು’ ಎಂದು ದಾಖಲಾಗಿ ಅವರದ್ದೇ ಆಗುತ್ತದೆ. ದುರಸ್ತಿಗೆ ಹೋದದ್ದು, ದುರಸ್ತಿಯ ಬಿಲ್ಲು ಮಂಜೂರಾಗದ ಕಾರಣ ಅಂಗಡಿಯವನ ಅಟ್ಟದಲ್ಲಿ ಧೂಳು ತಿನ್ನುತ್ತಿರುತ್ತದೆ. ಕೈ ಮುರಿದದ್ದು, ಕಾಲು ಮುರಿದದ್ದು ತಾರಸಿಯಲ್ಲಿ ನೀರಿನ ಟ್ಯಾಂಕಿನ ಹಿಂದೆ ಇರುತ್ತದೆ, ಅಲ್ಲಿ ನೋಡಿದ್ದೀರಾ? ಕುರ್ಚಿಯ ಅಡಿಗೆ ಬಿಳಿ ಬಣ್ಣದಲ್ಲಿ ಕಚೇರಿಯ ಸಂಕ್ಷಿಪ್ತ ಹೆಸರು, ಖರೀದಿಯ ವರ್ಷ, ರಿಜಿಸ್ಟರಿನ ಪುಟಸಂಖ್ಯೆ ಬರೆಯುವ ಹಳೆಯ ಪದ್ಧತಿ ಇದ್ದಷ್ಟು ಕಾಲ ಇಂಥ ಕುರ್ಚಿಯನ್ನು ತಲೆಕೆಳಗು ಮಾಡಿದರೆ ತವರುಮನೆ ಗೊತ್ತಾಗುತ್ತಿತ್ತು. ಈಗ ಪಟ್ಟಿ ಅಂಟಿಸುತ್ತಾರೆ, ಎರಡು ಮಳೆಗಾಲದಲ್ಲಿ ಅದು ಉದುರುತ್ತದೆ.

ಹುಡುಕಿದ ಮೇಲೂ ಸಿಗದಿದ್ದದ್ದು ಕೊರತೆ; ಸಿಕ್ಕರೂ ಕೆಲಸಕ್ಕೆ ಬಾರದ್ದು ನಿರುಪಯುಕ್ತ. ಇವೆರಡನ್ನೂ ಒಂದೇ ಪಟ್ಟಿಯಲ್ಲಿ ಸೇರಿಸಿ ‘ನಿರ್ಲೇಖನ’ (ಲೆಕ್ಕದಿಂದ ತೆಗೆದುಹಾಕುವುದು) ಮಾಡಿಬಿಡೋಣ ಎಂದು ನಿಮಗೆ ಯಾರಾದರೂ ಸಲಹೆ ಕೊಟ್ಟೇ ಕೊಡುತ್ತಾರೆ. ಒಪ್ಪಬೇಡಿ. ನಿರುಪಯುಕ್ತ ವಸ್ತುವಿಗೆ ಸಮಿತಿ ನೋಡಿ, ಉಳಿಕೆ ಬೆಲೆ ಕಟ್ಟಿ, ಹರಾಜು ಹಾಕಿ, ಬಂದ ಹಣ ಜಮಾ ಮಾಡಿಸುವ ದಾರಿ ಇದೆ. ಕೊರತೆಗೆ ವಿಚಾರಣೆ ಆಗಬೇಕು, ನಷ್ಟವನ್ನು ಯಾರಾದರೂ ತುಂಬಿಕೊಟ್ಟರೂ ಅದರ ವರದಿ ಮೇಲಿನವರಿಗೂ ಲೆಕ್ಕಪರಿಶೋಧಕರಿಗೂ ಹೋಗಬೇಕು.

ಜೀಪನ್ನು ಹಳೆಯ ರೀತಿಯಲ್ಲಿ ಹರಾಜು ಹಾಕಲು ಹೋಗಬೇಡಿ. 2023ರ ಏಪ್ರಿಲ್ 1ರಿಂದ ಹದಿನೈದು ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿಯೇ ಉಳಿಯುವುದಿಲ್ಲ, ಸರ್ಕಾರಿ ಸ್ವಾಮ್ಯದ ಸಂಸ್ಥೆಗಳ ವಾಹನಗಳಿಗೂ ಅದು ಅನ್ವಯ. ನೋಂದಾಯಿತ ವಾಹನ ಗುಜರಿ ಕೇಂದ್ರಕ್ಕೇ ಹೋಗಬೇಕು. ಕಂಪ್ಯೂಟರುಗಳನ್ನೂ ಗುಜರಿಯವನಿಗೆ ತೂಗಿ ಕೊಡುವಂತಿಲ್ಲ, ಅವು ಇ-ತ್ಯಾಜ್ಯ. ನೋಂದಾಯಿತ ಮರುಬಳಕೆದಾರರಿಗೆ ಒಪ್ಪಿಸಬೇಕು. ಕೊಡುವ ಮೊದಲು ಹಾರ್ಡ್ ಡಿಸ್ಕ್ ತೆಗೆಸಿ.

ಖರೀದಿಯ ಕಡತದ ಬಗ್ಗೆ ನನ್ನ ಅಭಿಪ್ರಾಯ ಕೇಳಿದರೆ, ಕೊರತೆಯ ಟಿಪ್ಪಣಿಯ ಪ್ರತಿಯನ್ನು ಅದರೊಳಗೆ ಸೇರಿಸಿ ಮುಂದಕ್ಕೆ ಕಳಿಸಿಬಿಡಿ. ತಡೆಯುವುದು ನಿಮ್ಮ ಕೆಲಸವಲ್ಲ, ತಿಳಿಸುವುದು ನಿಮ್ಮ ಕೆಲಸ. ಮೂರು ತುಂಡಿನ ವಿಷಯಕ್ಕೆ ನೀವು ತಲೆ ಹಾಕದಿರುವುದು ಮೇಲು.

ಭಿವಂಡಿಯ ಸರಬರಾಜುದಾರ

ಹಿರಿಯರ ಮಾತುಗಳಲ್ಲಿ ಕೊನೆಯದನ್ನು ಒಪ್ಪಲಾರೆ. ನಾನು ಉಕ್ಕಿನ ಪೀಠೋಪಕರಣ ತಯಾರಿಸುವವನು, ಕೌಂಟರಿನ ಆಚೆ ಬದಿಯಿಂದ ಬರೆಯುತ್ತಿದ್ದೇನೆ. ತುಂಡು ಮಾಡಿದ ಖರೀದಿಗೆ ‘ತಲೆ ಹಾಕದ’ ಭಂಡಾರದವರ ಸಹಿಯೇ ಮುಂದೆ ತನಿಖೆಯಲ್ಲಿ ಮೊದಲು ಕಾಣಿಸುವುದು. ಸರ್ಕಾರಿ ಖರೀದಿಯ ಆನ್‌ಲೈನ್ ಮಾರುಕಟ್ಟೆಯಾದ ಜೆಮ್ ಪೋರ್ಟಲ್ಲಿನಲ್ಲಿ ಒಂದೇ ಕಚೇರಿ, ಒಂದೇ ವಸ್ತು, ಒಂದೇ ವಾರದ ಮೂರು ಆದೇಶಗಳು ತಾರೀಖು ಸಹಿತ ಅಳಿಯದೆ ಉಳಿಯುತ್ತವೆ; ಹಿಂದಿನಂತೆ ಕಡತ ಕಪಾಟಿನ ಹಿಂದೆ ಬೀಳುವುದಿಲ್ಲ.

ಮಿತಿಗಳೂ ನಿಂತಲ್ಲಿ ನಿಲ್ಲುವುದಿಲ್ಲ. ಕೇಂದ್ರದ ನಿಯಮದಲ್ಲಿ, ಬೆಲೆ ಹೋಲಿಸದೆ ಜೆಮ್‌ನಿಂದ ನೇರವಾಗಿ ಕೊಳ್ಳುವ ಮಿತಿ 2017ರಲ್ಲಿ 50,000 ರೂಪಾಯಿ ಇದ್ದದ್ದು 2019ರಲ್ಲಿ 25,000ಕ್ಕೆ ಇಳಿಯಿತು, ಆಮೇಲೆಯೂ ತಿದ್ದುಪಡಿಗಳಾಗಿವೆ. ಆದ್ದರಿಂದ ಯಾವುದೋ ಹಳೆಯ ಮಿತಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಯಾರೋ ತುಂಡು ಮಾಡಿರಬಹುದು. ಮಹಾರಾಷ್ಟ್ರದಲ್ಲಿ ಮೂಲ ಆಧಾರ ಉದ್ಯೋಗ ವಿಭಾಗದ (ಕೈಗಾರಿಕಾ ಇಲಾಖೆಯ) 2016ರ ಡಿಸೆಂಬರ್ 1ರ ಜಿಆರ್, ಅಂದರೆ ಸರ್ಕಾರಿ ನಿರ್ಣಯ. ಅದರ ಮೇಲಿನ ತಿದ್ದುಪಡಿಗಳನ್ನು ನಿಮ್ಮ ಮಹಾಮಂಡಳದ ಸಂಚಾಲಕ ಮಂಡಳಿ (ನಿರ್ದೇಶಕರ ಮಂಡಳಿ) ಹೇಗೆ ಅಂಗೀಕರಿಸಿದೆ ಎಂದು ನೋಡಿ. ಆ ಜಿಆರ್ ಬರುವುದಕ್ಕೆ ಮೊದಲು ದರ ಕರಾರಿನ ಕಾಲವಿತ್ತು. ದರ ಒಮ್ಮೆ ನಿಗದಿಯಾದರೆ ಟೆಂಡರೇ ಬೇಡ, ಆದೇಶ ಬರೆದರಾಯಿತು. 2015ರಲ್ಲಿ ಮಕ್ಕಳ ಚಿಕ್ಕಿ ಮೊದಲಾದ 206 ಕೋಟಿ ರೂಪಾಯಿಯ ಖರೀದಿಗಳ ಮೇಲೆ ಎದ್ದ ವಿವಾದ ನೆನಪಿರಬಹುದು. ಟೆಂಡರ್ ಕರೆಯದೆ ದರ ಕರಾರಿನ ಮೇಲೆ ಕೊಂಡರು ಎಂಬುದೇ ಅಲ್ಲಿಯ ಆರೋಪವಾಗಿತ್ತು. ಭ್ರಷ್ಟಾಚಾರ ನಿಗ್ರಹ ದಳ ಅದರಲ್ಲಿ ತಪ್ಪು ಕಾಣಲಿಲ್ಲ, ಆದರೆ ಖರೀದಿಯ ಪದ್ಧತಿಯ ಮೇಲೆ ಎಲ್ಲರ ಕಣ್ಣು ಬಿದ್ದದ್ದು ಆಗಲೇ.

ಕಲ್ಯಾಣದವರೇ, ನಿಮ್ಮ ಕಡತದಲ್ಲಿ ಕುರ್ಚಿಯ ವಿವರಣೆಯನ್ನು ಒಮ್ಮೆ ಓದಿ. ಸೀಟಿನ ಅಗಲ 487 ಮಿಲಿಮೀಟರ್ ಎಂಬಂಥ ವಿಚಿತ್ರ ಅಳತೆ ಇದ್ದರೆ, ಅದು ಯಾರೋ ಒಬ್ಬರ ಕ್ಯಾಟಲಾಗಿನಿಂದ ಎತ್ತಿದ್ದು ಎಂದು ತಿಳಿಯಿರಿ. ನಮ್ಮಂಥವರು ಸೋಲುವುದು ಬೆಲೆಯಲ್ಲಲ್ಲ, ಇಂಥ ಮಿಲಿಮೀಟರುಗಳಲ್ಲಿ. ಕರೆದವರು ತಾವೇ ಬರೆದ ಅರ್ಹತೆಯನ್ನು ತಾವೇ ಮೀರುವಂತಿಲ್ಲ ಎಂಬ ತತ್ತ್ವವನ್ನು ಸುಪ್ರೀಂ ಕೋರ್ಟು ಗಟ್ಟಿಯಾಗಿ ಹೇಳಿದ್ದು ನಮ್ಮ ಮುಂಬಯಿಯ ಒಂದು ಹೋಟೆಲ್ ಟೆಂಡರಿನಲ್ಲಿಯೇ: 1979ರ ರಮಣ ದಯಾರಾಂ ಶೆಟ್ಟಿ ಪ್ರಕರಣ. ವಿಮಾನ ನಿಲ್ದಾಣದಲ್ಲಿ ಎರಡನೇ ದರ್ಜೆಯ ಉಪಾಹಾರ ಗೃಹ ಮತ್ತು ಎರಡು ತಿಂಡಿ ಅಂಗಡಿ ನಡೆಸುವ ಗುತ್ತಿಗೆ ಅದು. ಶೆಟ್ಟಿ ಎಂಬ ಹೆಸರು ಕಂಡ ಕುತೂಹಲಕ್ಕೆ ತೀರ್ಪನ್ನು ಪೂರ್ತಿ ಓದಿದೆ. ಅರ್ಹತೆ ಇಲ್ಲದವರಿಗೆ ಗುತ್ತಿಗೆ ಕೊಟ್ಟದ್ದು ತಪ್ಪೆಂದು ನ್ಯಾಯಾಲಯ ಹೇಳಿತು, ಆದರೆ ಅರ್ಜಿದಾರರು ತಡವಾಗಿ ಬಂದರು, ಅವರ ಉದ್ದೇಶವೂ ನೇರವಾದದ್ದಲ್ಲ ಎಂದು ಅವರಿಗೆ ಪರಿಹಾರ ಕೊಡಲಿಲ್ಲ. ತತ್ತ್ವ ಗೆದ್ದು ಶೆಟ್ಟರು ಸೋತರು.

ಇನ್ನೊಂದು ಮಾತು ನಮ್ಮ ಹೊಟ್ಟೆಯದ್ದು. ಮಾಲು ತಲುಪಿದ ಹತ್ತು ದಿನದೊಳಗೆ ಅದನ್ನು ಪರೀಕ್ಷಿಸಿ ಪೋರ್ಟಲ್ಲಿನಲ್ಲಿ ಸ್ವೀಕೃತಿ ಪ್ರಮಾಣಪತ್ರ ಹಾಕಬೇಕಾದವರು ನೀವೇ, ಭಂಡಾರದವರು. ಅದು ಬೀಳದೆ ಹಣ ಹೊರಡುವುದಿಲ್ಲ. ಸಣ್ಣ ಉದ್ದಿಮೆಗೆ 45 ದಿನ ಮೀರಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಕೊಡಬೇಕೆಂದು ಸಣ್ಣ ಉದ್ದಿಮೆಗಳ 2006ರ ಕಾಯ್ದೆ (ಎಂಎಸ್‌ಎಂಇಡಿ) ಹೇಳುತ್ತದೆ. ಕೇಳುವ ಧೈರ್ಯ ಎಷ್ಟು ಜನಕ್ಕಿದೆ! ಒಂದು ಕಚೇರಿಗೆ ಕಪಾಟು ಕೊಟ್ಟು ಏಳು ತಿಂಗಳು ಅಲೆದಿದ್ದೇನೆ. ಇಟ್ಟುಕೊಳ್ಳಲು ಜಾಗವಿಲ್ಲವೆಂದು ಅವು ಪ್ಯಾಕಿಂಗ್ ಬಿಚ್ಚದೆ ಮೆಟ್ಟಿಲ ಕೆಳಗೆ ನಿಂತಿದ್ದವು. ಇದ್ದದ್ದನ್ನು ಎಣಿಸದೆ ಕೊಳ್ಳುವ ಕಚೇರಿಯಲ್ಲಿ ಸರಬರಾಜುದಾರನಿಗೆ ಲಾಭ ಎಂದು ನೀವೆಲ್ಲ ಭಾವಿಸುತ್ತೀರಿ. ಹಾಗಲ್ಲ, ಅಂಥ ಕಚೇರಿಯಲ್ಲಿ ನಮ್ಮ ಮಾಲು ಬಂದದ್ದನ್ನೂ ಯಾರೂ ದಾಖಲಿಸುವುದಿಲ್ಲ.

ಲೆಕ್ಕತನಿಖೆ, ಚೆಂಬೂರು

ಮೂರೂ ಬರಹಗಳನ್ನು ಓದಿದೆ. ಒಂದು ತಿದ್ದುಪಡಿಯಿಂದ ಆರಂಭಿಸುತ್ತೇನೆ. ಪುಣೆಯ ಹಿರಿಯರು ಉಲ್ಲೇಖಿಸಿದ 2017ರ ನಿಯಮಗಳು ಕೇಂದ್ರದವು; ಮಹಾರಾಷ್ಟ್ರದ ಇಲಾಖೆಗಳಿಗೆ 1959ರ ಮುಂಬಯಿ ಹಣಕಾಸು ನಿಯಮಗಳೇ ಆಧಾರ. ನಿಮ್ಮದು ಕಂಪನಿಯಾದ್ದರಿಂದ ಎರಡೂ ನೇರವಾಗಿ ಕಟ್ಟುವುದಿಲ್ಲ, ಸಂಚಾಲಕ ಮಂಡಳಿ ಅಂಗೀಕರಿಸಿದಷ್ಟೇ ಕಟ್ಟುತ್ತದೆ. ಟಿಪ್ಪಣಿಯಲ್ಲಿ ತಪ್ಪು ನಿಯಮ ಬರೆದರೆ ನಿಮ್ಮ ಸರಿಯಾದ ಮಾತೂ ಬಿದ್ದುಹೋಗುತ್ತದೆ.

ಆದರೆ ಕಂಪನಿಯಾಗಿರುವುದೇ ನಿಮಗೆ ಇನ್ನೊಂದು ಆಯುಧ ಕೊಡುತ್ತದೆ. ಕಂಪನಿಗಳ ಲೆಕ್ಕಪರಿಶೋಧಕರು 2020ರ ವರದಿ ಆದೇಶದಂತೆ, ಆಸ್ತಿಗಳ ದಾಖಲೆ ಸರಿಯಿದೆಯೇ, ಅವುಗಳನ್ನು ಕಣ್ಣಾರೆ ಪರಿಶೀಲಿಸಲಾಗಿದೆಯೇ, ಸ್ಥಿರಾಸ್ತಿಗಳ ಹಕ್ಕುಪತ್ರ ಕಂಪನಿಯ ಹೆಸರಿನಲ್ಲಿಯೇ ಇದೆಯೇ ಎಂಬುದನ್ನು ವರ್ಷವರ್ಷವೂ ಬರೆಯಲೇಬೇಕು. ಕಳೆದ ಮೂರು ವರ್ಷದ ವರದಿಯಲ್ಲಿ ನಿಮ್ಮ ಸಂಸ್ಥೆಯ ಬಗ್ಗೆ ಆ ಕಲಮಿನ ಕೆಳಗೆ ಏನಿದೆ ಎಂದು ನೋಡಿ. ‘ಪರಿಶೀಲನೆಯಲ್ಲಿ ಗಮನಾರ್ಹ ವ್ಯತ್ಯಾಸ ಕಂಡುಬಂದಿಲ್ಲ’ ಎಂದಿದ್ದರೆ, ಯಾರ ಎಣಿಕೆಯ ಮೇಲೆ ಹಾಗೆ ಬರೆದರು ಎಂದು ಕೇಳುವ ಹಕ್ಕು ನಿಮಗಿದೆ. ಇಂಥ ಕಂಪನಿಗಳ ಲೆಕ್ಕದ ಮೇಲೆ ಮಹಾಲೇಖಪಾಲರ ಪೂರಕ ಪರಿಶೋಧನೆಯೂ ಇರುತ್ತದೆ ಎಂಬುದು ಲೆಕ್ಕಪತ್ರ ಶಾಖೆಯಿಂದ ಬಂದ ನಿಮಗೆ ಗೊತ್ತೇ ಇದೆ.

ಎಲ್ಲರೂ ಕುರ್ಚಿಯನ್ನೇ ಹಿಡಿದು ಕುಳಿತಿರುವುದು ನನಗೆ ಸ್ವಲ್ಪ ಆಶ್ಚರ್ಯ. 41 ಕುರ್ಚಿಗಳ ಉಳಿಕೆ ಬೆಲೆ ಒಂದು ಲಕ್ಷವೂ ಆಗಲಾರದು. ಕುರ್ಲಾದ ಗೋದಾಮಿನ ಬೆಲೆ ಎಷ್ಟು ಕೋಟಿ? ಅದರ ಪ್ರಾಪರ್ಟಿ ಕಾರ್ಡನ್ನು (ನಗರದ ಜಾಗ ಯಾರ ಹೆಸರಿನಲ್ಲಿದೆ ಎಂಬ ದಾಖಲೆ) ನಾಳೆಯೇ ನಗರ ಭೂಮಾಪನ ಕಚೇರಿಯಿಂದ ತೆಗೆಸಿ. ಇಂಥ ಜಾಗಗಳಲ್ಲಿ ನೆಲ ಇನ್ನೂ ‘ಮಹಾರಾಷ್ಟ್ರ ಶಾಸನ’ದ, ಅಂದರೆ ಮಹಾರಾಷ್ಟ್ರ ಸರ್ಕಾರದ, ಹೆಸರಿನಲ್ಲಿಯೇ ಇದ್ದು, ಮಹಾಮಂಡಳದ ಹೆಸರು ಏರಿಯೇ ಇರದಿರುವುದನ್ನು ನಾನು ಬಹಳ ಕಂಡಿದ್ದೇನೆ. ಆಗ ಬಾಡಿಗೆದಾರನನ್ನು ಬಿಡಿಸುವ ದಾರಿಯೇ ಬೇರೆಯಾಗುತ್ತದೆ. ನೆಲ ಸರ್ಕಾರದ್ದಾದರೆ ಭೂಕಂದಾಯ ಸಂಹಿತೆಯ 53ನೇ ಕಲಮಿನಂತೆ ಜಿಲ್ಲಾಧಿಕಾರಿ ಸಂಕ್ಷಿಪ್ತ ವಿಚಾರಣೆಯಲ್ಲಿ ತೆರವು ಮಾಡಿಸಬಲ್ಲರು. ಕಂಪನಿಯದ್ದೇ ಆದರೆ, ಸರ್ಕಾರಿ ಆವರಣಗಳ ತೆರವು ಕಾಯ್ದೆಯ ವ್ಯಾಖ್ಯೆಯೊಳಗೆ ನಿಮ್ಮ ಮಹಾಮಂಡಳ ಬರುತ್ತದೆಯೇ ಎಂದು ಮೊದಲು ನೋಡಬೇಕು. 1999ರ ಬಾಡಿಗೆ ನಿಯಂತ್ರಣ ಕಾಯ್ದೆಯಲ್ಲಿ ಸರ್ಕಾರದ ಕಟ್ಟಡಕ್ಕಿರುವ ವಿನಾಯಿತಿ ಕಂಪನಿಗೆ ಸಿಗದೆಂದು ಎದುರು ವಕೀಲರು ವಾದಿಸುವುದಂತೂ ಖಂಡಿತ. ಜಾಗ ಮರಳಿ ಪಡೆಯಲು ದಾವೆ ಹೂಡುವ ಕಾಲಮಿತಿಯಲ್ಲಿಯೂ ಸರ್ಕಾರಕ್ಕೆ ಇರುವ 30 ವರ್ಷದ ಅವಕಾಶವನ್ನು ನಂಬಿಕೊಳ್ಳದೆ, ಖಾಸಗಿಯವರಿಗೆ ಇರುವ 12 ವರ್ಷವೇ ನಿಮಗೂ ಎಂದು ಎಣಿಸಿಕೊಂಡು ನಡೆಯುವುದು ಕ್ಷೇಮ. ಬಾಡಿಗೆ ತೆಗೆದುಕೊಳ್ಳುತ್ತಲೇ ಇರುವುದರಿಂದ ಬಾಡಿಗೆತನ ತಿಂಗಳಿಂದ ತಿಂಗಳಿಗೆ ಮುಂದುವರಿದಿದೆ ಎಂಬ ಅರ್ಥವೂ ಹೊರಡುತ್ತದೆ. ಒಂದು ಸಾಧಾರಣ ರಸೀದಿಯ ಮೇಲೆ ‘ಹಕ್ಕುಗಳಿಗೆ ಬಾಧಕವಿಲ್ಲದೆ, ಬಳಕೆ ಶುಲ್ಕವಾಗಿ’ ಎಂದು ಒತ್ತಲು ಹನ್ನೊಂದು ವರ್ಷ ಯಾರಿಗೂ ಹೊಳೆಯಲಿಲ್ಲವೇ ಎಂದು ಕೇಳಬೇಕೆನಿಸುತ್ತದೆ.

ಇದು ನಿಮ್ಮಲ್ಲಿ ಮಾತ್ರವೋ ಎಂದು ಕೇಳಿದ್ದೀರಿ. ಮಹಾಲಕ್ಷ್ಮಿಯ ರೇಸ್‌ಕೋರ್ಸಿನ 99 ವರ್ಷದ ಲೀಸು 2013ರಲ್ಲಿ ಮುಗಿಯಿತು, ಇತ್ಯರ್ಥವಾಗಲು 2024 ಬರಬೇಕಾಯಿತು. ಪಾಲಿಕೆ ಮತ್ತು ರಾಜ್ಯ ಎರಡೂ ಮಾಲೀಕರಾಗಿದ್ದ, ನಗರದ ನಡುವಿನ 200 ಎಕರೆ ಮೀರಿದ ಜಾಗದ ಕಥೆಯೇ ಹೀಗಿರುವಾಗ ಕುರ್ಲಾದ ಗೋದಾಮು ಯಾವ ಲೆಕ್ಕ? ಇನ್ನೊಂದು ಕಡೆ, ದಾಖಲೆ ಸರಿಯಾಗಿದ್ದರೆ ಏನಾಗುತ್ತದೆ ಎಂಬುದಕ್ಕೆ ನರಿಮನ್ ಪಾಯಿಂಟಿನ ಏರ್ ಇಂಡಿಯಾ ಕಟ್ಟಡ ಇದೆ. ಅದನ್ನು ರಾಜ್ಯ ಸರ್ಕಾರ 1,601 ಕೋಟಿಗೆ ಕೊಂಡಿತು. ನೆಲ ಮೊದಲೇ ರಾಜ್ಯ ಲೀಸಿಗೆ ಕೊಟ್ಟದ್ದು. ಲೀಸಿನ ಜಾಗ ಕೈಬದಲಾಗುವಾಗ ರಾಜ್ಯಕ್ಕೆ ಸಲ್ಲಬೇಕಾದ ‘ಅನರ್ಜಿತ ಉತ್ಪನ್ನ’ (ಜಾಗದ ಬೆಲೆ ಏರಿದ್ದರಿಂದ ಬಂದ ಲಾಭದಲ್ಲಿ ರಾಜ್ಯದ ಪಾಲು) ಮತ್ತು ಬಡ್ಡಿಯ ಬಾಕಿ ಸುಮಾರು 298 ಕೋಟಿಯನ್ನು ಬಿಟ್ಟುಕೊಡುವುದೂ ಆ ವ್ಯವಹಾರದ ಭಾಗವಾಗಿತ್ತು. ಬಿಟ್ಟದ್ದು ಸರಿಯೋ ತಪ್ಪೋ ಬೇರೆ ಮಾತು, ಎಷ್ಟು ಬಿಟ್ಟೆವು ಎಂದು ರೂಪಾಯಿಯಲ್ಲಿ ಹೇಳಲು ಸಾಧ್ಯವಾದದ್ದು ಲೀಸಿನ ಕಡತ ಜೀವಂತವಾಗಿದ್ದುದರಿಂದ.

ಊರಿನ ಕಡೆಯವರು ‘ಕರ್ನಾಟಕದಲ್ಲಿ ಖರೀದಿಗೆ ಕಾಯ್ದೆಯೇ ಇದೆ’ ಎಂದು ಹೇಳುವುದುಂಟು. ಹೌದು, 1999ರ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮವಿದೆ, ಸೋತ ಟೆಂಡರುದಾರ ಅದರ 16ನೇ ಪ್ರಕರಣದಂತೆ ಮೇಲ್ಮನವಿ ಹಾಕಬಹುದು. ಇಲ್ಲಿ ಜಿಆರ್‌ಗಳನ್ನು ನಂಬಿ ನಡೆಯಬೇಕು. ಆದರೆ ಆ ಕಾಯ್ದೆಯ ದೃಷ್ಟಿಯೂ ಟೆಂಡರಿನ ಮೇಲೆಯೇ. ಬಂದ ಕುರ್ಚಿ ಎಲ್ಲಿ ಕುಳಿತಿತು ಎಂದು ಅದೂ ಕೇಳುವುದಿಲ್ಲ.

ಖರೀದಿಯ ಕಡತಕ್ಕೆ ಹೀಗೆ ಮಾಡಿ: ಅಗತ್ಯದ ಲೆಕ್ಕವನ್ನು ನೀವೇ ಒಂದು ಕೋಷ್ಟಕವಾಗಿ ಬರೆಯಿರಿ. ಮಂಜೂರಾದ ಹುದ್ದೆಗಳೆಷ್ಟು, ಈಗ ಭರ್ತಿಯಾಗಿರುವುದೆಷ್ಟು, ಕೈಯಲ್ಲಿರುವ ಸುಸ್ಥಿತಿಯ ಕುರ್ಚಿಗಳೆಷ್ಟು, ದುರಸ್ತಿಯಾಗಬಲ್ಲವು ಎಷ್ಟು. ಅರುವತ್ತು ಎಂಬ ಸಂಖ್ಯೆ ಆ ಕೋಷ್ಟಕದಿಂದ ಹುಟ್ಟದಿದ್ದರೆ ಕಡತ ತಾನಾಗಿ ಹಿಂದಕ್ಕೆ ಬರುತ್ತದೆ, ನೀವು ತಡೆದಿರಿ ಎಂಬ ಮಾತು ಬರುವುದಿಲ್ಲ. ತುಂಡಿನ ವಿಷಯದಲ್ಲಿ ನಾನು ಭಿವಂಡಿಯವರ ಪಕ್ಷ.

ಕಲ್ಯಾಣವಾಸಿ

ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು. ಹತ್ತು ದಿನದಲ್ಲಿ ಆದದ್ದನ್ನು ತಿಳಿಸುತ್ತೇನೆ.

ಪುಣೆಯ ಹಿರಿಯರು ಹೇಳಿದಂತೆ ನಿವೃತ್ತರನ್ನು ಅವರ ಡೊಂಬಿವಿಲಿಯ ಮನೆಯಲ್ಲಿ ಕಂಡೆ. ಮೊದಲು ಮುಖ ಗಂಟಿಕ್ಕಿದರು; ಚಹಾ ಮುಗಿಯುವ ಹೊತ್ತಿಗೆ ಒಂದು ಹಳೆಯ ಡೈರಿ ತೆಗೆದರು. 14 ಕುರ್ಚಿಗಳು ನಮ್ಮದೇ ಠಾಣೆಯ ಉಪಕಚೇರಿಯಲ್ಲಿವೆ, ಕೈಬರಹದ ರಸೀದಿ ಅವರ ಬಳಿ ಇತ್ತು. ತಾರಸಿಯಲ್ಲಿ ಟ್ಯಾಂಕಿನ ಹಿಂದೆ ನಾನು ನೋಡಿರಲಿಲ್ಲ; ಅಲ್ಲಿ ಕುರ್ಚಿಗಳ ಜೊತೆ ಎರಡು ಕಪಾಟೂ ಸಿಕ್ಕಿದವು. ಜಂಟಿ ಪರಿಶೀಲನೆಗೆ ಇಬ್ಬರನ್ನು ನೇಮಿಸಿದ ಆದೇಶ ಬಂದಿದೆ. ಅವರ ಎಣಿಕೆಯ ಪ್ರಕಾರ ಈಗ ಕೊರತೆ 16 ಕುರ್ಚಿ, ಆರು ಕಪಾಟು. ಆ ಪಟ್ಟಿಯನ್ನು ಲಗತ್ತಿಸಿ, ಹಿರಿಯರು ಕೊಟ್ಟ ವಾಕ್ಯವನ್ನೇ ಬರೆದು ಸಹಿ ಹಾಕಿದೆ.

ಕೋಷ್ಟಕ ಬರೆದಾಗ ಅಗತ್ಯ 22 ಕುರ್ಚಿಗಳಿಗೆ ಇಳಿಯಿತು. ಕಡತ ಒಂದೇ ಆದೇಶವಾಗಿ ಮತ್ತೆ ಹೊರಟಿದೆ. ಸೀಟಿನ ಅಗಲದ ಅಳತೆಗೆ ಕನಿಷ್ಠ ಇಷ್ಟು ಎಂದು ತಿದ್ದಿಸಿದ್ದೇನೆ. ಮೇಲಿನವರು ಸಂತೋಷಪಟ್ಟಿಲ್ಲ, ಆದರೆ ಏನನ್ನೂ ಬರೆದೂ ಕೊಟ್ಟಿಲ್ಲ.

ಗೋದಾಮಿನ ಪ್ರಾಪರ್ಟಿ ಕಾರ್ಡು ನಿನ್ನೆ ಕೈಗೆ ಬಂತು. ಚೆಂಬೂರಿನವರು ಊಹಿಸಿದ್ದೇ ನಿಜ: ಧಾರಕರ ಕಾಲಮಿನಲ್ಲಿ ಇರುವುದು ಮಹಾರಾಷ್ಟ್ರ ಶಾಸನ, ನಮ್ಮ ಹೆಸರು ಎಲ್ಲಿಯೂ ಇಲ್ಲ. ಆದರೆ ನಮ್ಮ ಲೆಕ್ಕಪತ್ರದಲ್ಲಿ ಆ ಆಸ್ತಿಯನ್ನು ಪ್ರತಿ ವರ್ಷ ನಮ್ಮದೆಂದೇ ತೋರಿಸಿದ್ದೇವೆ, ಮತ್ತು ಆ ಹದಿನೇಳು ವರ್ಷಗಳಲ್ಲಿ ಕೆಲವು ವರ್ಷ ಆ ಅನುಸೂಚಿಯನ್ನು ಸಿದ್ಧಪಡಿಸಿದವನು ನಾನೇ. ಇದನ್ನು ಯಾವ ರೀತಿಯಲ್ಲಿ ಮೇಲಕ್ಕೆ ಬರೆಯಬೇಕೆಂದು ಚೆಂಬೂರಿನವರು ದಯವಿಟ್ಟು ತಿಳಿಸಬೇಕು.